ದೊರೆಸಾನಿಯ ಬ್ರೇಕು

ಭಾವ ಆ ಸುದ್ದಿಯನ್ನು ನಗುನಗುತ್ತಲೇ ಹೇಳಿದ. ಹಾಗಾಗಿ ಅದರ ಬಿಸಿ ಮೇಸ್ತ್ರಿಗೆ ಕೂಡಲೇ ತಟ್ಟಲಿಲ್ಲ. ಚಹಾದ ಲೋಟ ಅರ್ಧ ಖಾಲಿಯಾದ ಮೇಲೆ ತಟ್ಟಿತು. ಉಳಿದರ್ಧ ಲೋಟದಲ್ಲೇ ಆರಿತು.

"ನಿಮ್ಮ ಧಣಿ ಸಂಘದ ಪತ್ರಿಕೆಯಲ್ಲಿ ಅದೇನೋ ಬರೆದ್ರಲ್ಲ, ಅದನ್ನ ಓದಿ ನಮ್ಮ ಯಜಮಾನರ ತಲೆ ಕೆಟ್ಟಿದೆ ಕಣಯ್ಯ," ಎಂದ ಭಾವ. "ಕಾರಿಗಿದ್ದ ಎಣ್ಣೆ ಬ್ರೇಕು ಪೂರ್ತಿ ಕಿತ್ತು ಬಿಸಾಕಿಸಿದ್ರು. ಅಟ್ಟದ ಮೇಲಿಂದ ಹಳೇ ಸಲಾಕೆ ಬ್ರೇಕನ್ನೇ ಇಳಿಸಿ ಮತ್ತೆ ಕೂರಿಸಿದ್ದಾರೆ. ಅವರೊಬ್ಬರೇ ಅಲ್ಲ, ನಾಲ್ಕೂ ಜನ. ಭಾನುವಾರ ಗುಡ್ಡ ಇಳಿಸೋ ಕೆಲಸ ನಮ್ಮದು, ಶೋಕಿ ಅವರದ್ದು."

ಭಾವ ಎಂದರೆ ಮೇಸ್ತ್ರಿಯ ಅಕ್ಕನ ಗಂಡ. ಔಷಧಿ ಕಾರ್ಖಾನೆಯ ಯಜಮಾನರ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವರು. ಮೇಸ್ತ್ರಿ ಊರಿನ ಇನ್ನೊಬ್ಬ ದೊಡ್ಡವರ ಕಾರು ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಸ್ಪಾನರ್ ಹಿಡಿದವನು; ಆ ದೊಡ್ಡವರೇ ಅವನ ಧಣಿ. ಈ ಇಬ್ಬರು ದೊಡ್ಡವರೂ, ಇವರಂಥ ಇನ್ನೂ ಮೂವರೂ ಸೇರಿ ಹಳೆ ಕಾರುಗಳ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಭಾನುವಾರ ಆ ಸಂಘದ ಮೆರವಣಿಗೆ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನಿಂದ ಮೂರು ತಿರುವು ಇಳಿದು ಶಾಲೆಯ ಮೈದಾನದ ಹತ್ತಿರ ಬರಬೇಕು. ಅಲ್ಲಿ ರಸ್ತೆಗೆ ಬಿಳಿ ಗೆರೆ. ಗೆರೆ ಮುಟ್ಟಿದ ಕೂಡಲೇ ಬ್ರೇಕು ಒತ್ತಬೇಕು. ಯಾವ ಕಾರು ಎಷ್ಟು ದೂರದಲ್ಲಿ ನಿಂತಿತೆಂದು ಟೇಪು ಹಿಡಿದು ಅಳೆಯುತ್ತಾರೆ. ಹೋಲಿಕೆಗೆಂದು ಈ ಕಾಲದ ಒಂದು ಸಣ್ಣ ಕಾರೂ ಇಳಿಯಬೇಕು. ಅಂದು ಮತ್ತು ಇಂದು ಎಂದು ಊರ ತುಂಬ ಬ್ಯಾನರು ಕಟ್ಟಿದ್ದರು.

ಆ ಸಣ್ಣ ಕಾರು ಡ್ರೈವಿಂಗ್ ಶಾಲೆಯದು. ಅದನ್ನು ಓಡಿಸಬೇಕಾದವಳು ಆ ಶಾಲೆಯಲ್ಲಿ ಪಾಠ ಹೇಳುವ ಮೇಸ್ತ್ರಿಯ ಮಗಳು. ಧಣಿಗಳು ಅದನ್ನು ಡಬ್ಬಿ ಎನ್ನುತ್ತಿದ್ದರು. ತಮ್ಮ ಕಾರನ್ನು ದೊರೆಸಾನಿ ಎನ್ನುತ್ತಿದ್ದರು.

ಎರಡರ ಹೊಟ್ಟೆಯೊಳಗೂ ಕೈಹಾಕಿ ಬಲ್ಲವನು ಊರಿಗೆ ಮೇಸ್ತ್ರಿಯೊಬ್ಬನೇ. ದೊರೆಸಾನಿಗೆ ಹಂಡೆಯಂಥ ದೀಪಗಳು, ಹಿತ್ತಾಳೆಯ ಹಾರನ್ನು, ಮಾರುದ್ದದ ಮೂತಿ. ನೋಡಲು ಆನೆ, ಮೈಯೆಲ್ಲ ಮರದ ಚೌಕಟ್ಟಿಗೆ ಬಡಿದ ತೆಳು ತಗಡು, ತೂಕದಲ್ಲಿ ಡಬ್ಬಿಗಿಂತ ಹೆಚ್ಚೇನಿಲ್ಲ. ಅವಳನ್ನು ಎಬ್ಬಿಸಲು ಕಾಲು ಗಂಟೆ ಬೇಕು: ಒಬ್ಬ ಹ್ಯಾಂಡಲ್ ತಿರುಗಿಸಬೇಕು, ಒಬ್ಬ ಒರೆಸಬೇಕು, ಒಬ್ಬ ಬಾಗಿಲು ಹಿಡಿಯಬೇಕು. ಆ ಹ್ಯಾಂಡಲ್ ಒಮ್ಮೆ ಹಿಂದಕ್ಕೆ ಹೊಡೆದು ಮೇಸ್ತ್ರಿಯ ಎಡ ಮಣಿಕಟ್ಟು ಮುರಿದಿತ್ತು; ಚಳಿ ಬಂದರೆ ಈಗಲೂ ಜ್ಞಾಪಿಸುತ್ತದೆ. ಡಬ್ಬಿಯೋ, ಕಲಿಯಲು ಬಂದವರ ಕೈಯಲ್ಲಿ ದಿನಕ್ಕೆ ನೂರು ಸಲ ನಿಂತು ನೂರು ಸಲ ಮುನಿಸಿಲ್ಲದೆ ಏಳುತ್ತದೆ. ಗೇರು ಕರಕರ ಅಂದರೂ ಸೈ, ಐದು ಜನ ತುಂಬಿದರೂ ಸೈ. ದೊರೆಸಾನಿಯನ್ನು ಒಂದು ಮನೆಯವರು ಕೂತು ತಿರುಗಲೆಂದು ಕಟ್ಟಿದ್ದರು. ಆ ಮನೆಗೆ ಚಾಕರಿಯವರು ಹೇಗೂ ಇರುತ್ತಾರೆ ಎಂದು ನಂಬಿ ಕಟ್ಟಿದ್ದರು. ಡಬ್ಬಿಯನ್ನು ಕಟ್ಟಿದವರಿಗೆ ಆ ನಂಬಿಕೆ ಇರಲಿಲ್ಲ, ಸದ್ಯ.

ಧಣಿಗಳು ಪತ್ರಿಕೆಯಲ್ಲಿ ಬರೆದದ್ದು ಬೇರೆ. ಆ ಕಾಲದವರು ಕಬ್ಬಿಣ ಎರಕ ಹೊಯ್ಯುತ್ತಿದ್ದರು, ಈ ಕಾಲದವರು ತಗಡು ಮಡಚುತ್ತಾರೆ. ನನ್ನ ದೊರೆಸಾನಿಯ ಬ್ರೇಕು ಅವಳು ಹುಟ್ಟಿದಾಗ ಬಂದದ್ದು, ಇಂದಿಗೂ ಅಂಗೈಯಗಲದ ಜಾಗದಲ್ಲಿ ನಿಲ್ಲುತ್ತಾಳೆ. ಹಳೆಯ ಕಾರಿಗೆ ಹೊಸ ಬ್ರೇಕು ಕಟ್ಟಿಸುವವರು ಆ ಕಾರಿಗೇ ಅವಮಾನ ಮಾಡುತ್ತಾರೆ ಎಂದು ಎರಡು ಪುಟ ಬರೆದಿದ್ದರು. ಪತ್ರಿಕೆಯ ಪ್ರತಿಯನ್ನು ಮೇಸ್ತ್ರಿಗೂ ಕೊಟ್ಟಿದ್ದರು. ಅವನ ಕೈಚಳಕದ ಬಗ್ಗೆಯೂ ಒಂದು ಸಾಲು ಇತ್ತು. ಮೇಸ್ತ್ರಿ ಆ ಸಾಲನ್ನು ನಾಲ್ಕು ಸಲ ಓದಿ, ಪ್ರತಿಯನ್ನು ಮಡಚಿ ಟ್ರಂಕಿನಲ್ಲಿಟ್ಟಿದ್ದ.

ದೊರೆಸಾನಿಯ ಬ್ರೇಕು ಅವಳದಲ್ಲ.

ಹನ್ನೊಂದು ವರ್ಷದ ಹಿಂದೆ ಇದೇ ಗುಡ್ಡದ ಎರಡನೆಯ ತಿರುವಿನಲ್ಲಿ ದೊರೆಸಾನಿ ನಿಲ್ಲದೆ ಜಾರಿ ಕಲ್ಲಿನ ಕಟ್ಟೆಗೆ ಒರಗಿದ್ದಳು. ಸಲಾಕೆ ಬ್ರೇಕಿನ ಹಣೆಬರಹವೇ ಅಷ್ಟು: ಪೆಡಲಿನಿಂದ ನಾಲ್ಕು ಚಕ್ರಕ್ಕೂ ಉದ್ದುದ್ದ ಕಬ್ಬಿಣದ ಸಲಾಕೆ, ಸಲಾಕೆಗೊಂದೊಂದು ಕೀಲು, ಕಾಲು ಒತ್ತಿದ ಬಲವೆಲ್ಲ ಸವೆದ ಕೀಲುಗಳಲ್ಲೇ ಸೋರಿಹೋಗುತ್ತದೆ. ಸರಿಮಾಡು, ಆದರೆ ಹಳೆಯದನ್ನು ಮುಟ್ಟಬೇಡ ಎಂದು ಧಣಿಗಳು ಅಪ್ಪಣೆ ಕೊಟ್ಟರು. ಹೇಗೆ ಎಂದು ಅವರು ಹೇಳಲಿಲ್ಲ. ಅಪ್ಪಣೆ ಕೊಡುವವರು ಹೇಗೆ ಎನ್ನುವುದನ್ನು ಎಂದೂ ಹೇಳುವುದಿಲ್ಲ. ಮೇಸ್ತ್ರಿ ಗುಜರಿಗೆ ಹೋಗಿ, ಅಪಘಾತದಲ್ಲಿ ಅಪ್ಪಚ್ಚಿಯಾದ ಒಂದು ಸಣ್ಣ ಕಾರಿನ ಎಣ್ಣೆ ಬ್ರೇಕನ್ನು ಬಿಚ್ಚಿ ತಂದ. ಡಬ್ಬಿಯದೇ ಜಾತಿಯ ಕಾರು. ದೊರೆಸಾನಿಯ ಚಕ್ರಗಳ ಹಳೆಯ ಡ್ರಮ್ಮುಗಳ ಒಳಗೆ ಅದರ ಸಿಲಿಂಡರು, ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಅದರ ಶೂಗಳನ್ನು ಉಜ್ಜಿ ಉಜ್ಜಿ ಕೂರಿಸಿದ. ಎಣ್ಣೆಯ ಕೊಳವೆಯನ್ನು ಚಾಸಿಯ ಮರೆಯಲ್ಲಿ ಎಳೆದ. ಹಳೆಯ ಸಲಾಕೆಗಳನ್ನು ತೆಗೆಯಲಿಲ್ಲ. ಪೆಡಲಿಗೆ ಕಟ್ಟಿ, ಚಕ್ರದ ಕಡೆ ಮಾತ್ರ ಬಿಟ್ಟುಬಿಟ್ಟ. ಬ್ರೇಕು ಒತ್ತಿದರೆ ಅವೂ ಆಡುತ್ತಿದ್ದವು. ರಿಪೇರಿ ಪುಸ್ತಕದಲ್ಲಿ, ಹಳೆಯ ಬ್ರೇಕನ್ನೇ ಸರಿಪಡಿಸಿದೆ ಎಂದು ದುಂಡಗೆ ಬರೆದ. ಧಣಿಗಳು ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಮೂರು ದಿನ ಬೆಚ್ಚಗಿತ್ತು ಎನ್ನುವುದನ್ನು ಮೇಸ್ತ್ರಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಈಗ ಆ ದುಂಡನೆಯ ಒಂದು ಸಾಲನ್ನು ನಂಬಿ ನಾಲ್ಕು ಕಾರಿನವರು ಒಳ್ಳೆಯ ಬ್ರೇಕು ಕಿತ್ತು ಹಾಕಿದ್ದಾರೆ. ನಾಲ್ಕು ಜನ ಡ್ರೈವರುಗಳು ಭಾನುವಾರ ಗುಡ್ಡ ಇಳಿಯುತ್ತಾರೆ. ಕೆಳಗೆ ಗೆರೆಯ ಎರಡು ಬದಿಗೂ ಶಾಲೆಯ ಮಕ್ಕಳನ್ನು ನಿಲ್ಲಿಸುತ್ತಾರೆ, ಬಾವುಟ ಬೀಸಲು.

ಗುರುವಾರ ಮಧ್ಯಾಹ್ನ ಮೇಸ್ತ್ರಿ ಕೆಲಸ ಮಾಡಿದನೆಂದು ಹೇಳುವಂತಿಲ್ಲ. ಒರೆಸಿದ್ದನ್ನೇ ಒರೆಸಿದ. ಹತ್ತು ಇಂಚಿನ ಸ್ಪಾನರನ್ನು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡೆಲ್ಲ ಅದನ್ನು ಹುಡುಕಿದ. ಭಾವನಿಗೆ ಆಗಲೇ ಹೇಳಿಬಿಡಬಹುದಿತ್ತು. ಆದರೆ ಉಪ್ಪು ತಿಂದ ಮನೆಯ ಗುಟ್ಟು ಮೊದಲು ಆ ಮನೆಗೇ ತಿಳಿಯಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನಾಚಿಕೆಗೆ ಆತ ಇಟ್ಟ ಹೆಸರು ಅದು.

ಶುಕ್ರವಾರ ಬೆಳಿಗ್ಗೆ ಧಣಿಗಳು ಕನ್ನಡಿಯ ಮುಂದೆ ಭಾನುವಾರದ ಟೋಪಿ ಹಾಕಿ ನೋಡಿಕೊಳ್ಳುತ್ತಿದ್ದರು. ಮೇಸ್ತ್ರಿ ಬಾಗಿಲಲ್ಲೇ ನಿಂತು, ತಡವರಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಬೈಗುಳ ಬರುತ್ತದೆಂದು ಮೈ ಬಿಗಿ ಹಿಡಿದು ನಿಂತ. ಬೈಗುಳ ಬರಲಿಲ್ಲ.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?" ಎಂದರು ಧಣಿಗಳು.

"ಇಲ್ಲ ಧಣಿ. ಮೊದಲು ನಿಮಗೆ."

"ಒಳ್ಳೇದು. ಸೋಮವಾರ ಹೇಳೋಣ."

"ಭಾನುವಾರ ಅವರು ಇಳೀತಾರೆ ಧಣಿ."

"ಅವರ ಕಾರು, ಅವರ ಡ್ರೈವರು. ನಾನೇನು ಅವರ ಕೈ ಹಿಡಿದು ಬ್ರೇಕು ಕೀಳಿಸಿದ್ನಾ?" ಧಣಿಗಳು ಟೋಪಿಯನ್ನು ಸ್ವಲ್ಪ ಓರೆ ಮಾಡಿದರು. "ನನ್ನದು ನಿಲ್ಲುತ್ತೋ ಇಲ್ವೋ, ಅಷ್ಟು ಹೇಳು."

"ನಿಲ್ಲುತ್ತೆ."

"ಮತ್ತೇನು."

ಹೊರಡುವಾಗ ಬೆನ್ನು ತಟ್ಟಿದರು. ಮೇಸ್ತ್ರಿ ಹಿತ್ತಲಿನ ನಲ್ಲಿಯ ಕೆಳಗೆ ಹೋಗಿ ಕೈತೊಳೆದ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಅವರ ಕಾರು, ಅವರ ಡ್ರೈವರು. ಟೈರು, ಬ್ಯಾಟರಿ, ಡ್ರೈವರು. ಒಂದು ಸವೆದರೆ ಇನ್ನೊಂದು.

ಆ ಸಂಜೆ ಮಗಳು ಶಾಲೆಯ ಕಾರನ್ನು ಮನೆಯ ಮುಂದೆ ನಿಲ್ಲಿಸಿ ಒಳಗೆ ಬಂದಾಗ ಅಪ್ಪ ನಿಂತೇ ಊಟ ಮಾಡುತ್ತಿದ್ದ. ಕೂತ್ಕೊಳ್ಳಿ ಎಂದರೆ ಕೂತ, ಮತ್ತೆ ಎದ್ದ. ಅವಳು ಕಾರಣ ಕೇಳಿದಳು. ದಿನಕ್ಕೆ ಹತ್ತು ಜನ ಹೆದರುಪುಕ್ಕಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳುವವಳು. ಕಾಲು ನಡುಗುವವರನ್ನು ದೂರದಿಂದಲೇ ಗುರುತಿಸುತ್ತಾಳೆ. ಅಪ್ಪ ಎಲ್ಲ ಹೇಳಿದ.

"ಹಂಗಾದ್ರೆ ಭಾನುವಾರ ಡಬ್ಬಿ ಜೊತೆ ಡಬ್ಬಿಯೇ ಪಂದ್ಯ ಕಟ್ಟೋದು," ಎಂದಳು. "ಗೆದ್ದ ಡಬ್ಬಿಗೆ ಹಾರ, ಸೋತ ಡಬ್ಬಿಗೆ ಉಗಿತ. ಚೆನ್ನಾಗಿದೆ ಅಪ್ಪ."

ಮೇಸ್ತ್ರಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಮಗಳು ನಗುತ್ತಿರಲಿಲ್ಲ.

"ಮಾವನಿಗೆ ಹೇಳಿದ್ರಾ?"

ಶನಿವಾರ ಹೇಳಿದ. ಭಾವನ ಮನೆ ಯಜಮಾನರ ಬಂಗಲೆಯ ಹಿಂದಿನ ಒಂದೂವರೆ ಕೋಣೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಅಕ್ಕ ನೀರು ತಂದವಳು ಮಾತು ಕೇಳುತ್ತ ಬಾಗಿಲಲ್ಲೇ ನಿಂತಳು. ಕೇಳಿ ಮುಗಿದ ಮೇಲೆ ತಮ್ಮನಿಗೆಂದು ತಂದ ಲೋಟವನ್ನು ಹಾಗೆಯೇ ವಾಪಸ್ಸು ತೆಗೆದುಕೊಂಡು ಹೋದಳು.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

"ಹದಿನೈದು ದಿನ ಆಯ್ತು ಆ ಸಲಾಕೆ ಹಾಕಿ," ಎಂದ. "ಎಡಕ್ಕೆ ಎಳೆಯುತ್ತೆ, ನಿಲ್ಲಲ್ಲ ಅಂತ ಯಜಮಾನರಿಗೆ ಎರಡು ಸಲ ಹೇಳಿದೆ. ಅದೇ ಬ್ರೇಕು ದೊರೆಸಾನಿಯಲ್ಲಿ ನಿಲ್ಲುತ್ತಲ್ಲ, ನಿನ್ನ ಕಾಲಿಗೆ ವಯಸ್ಸಾಗಿದೆ ಅಂದ್ರು. ನಾನೂ ನಂಬಿದೆ ಕಣೋ. ದಿನಾ ಬೆಳಿಗ್ಗೆ ಎದ್ದು ಈ ಗೋಡೆಗೆ ಕಾಲು ಒತ್ತಿ ಬಲ ನೋಡ್ಕೋತಿದ್ದೀನಿ, ಹದಿನೈದು ದಿನದಿಂದ."

ಗೋಡೆಯ ಸುಣ್ಣದ ಮೇಲೆ, ಮೊಣಕಾಲೆತ್ತರದಲ್ಲಿ, ಬರಿಗಾಲಿನ ಕಂದು ಗುರುತು ಇತ್ತು.

ಭಾನುವಾರ ಹೋಗಬೇಡಿ ಭಾವ ಎಂದು ಮೇಸ್ತ್ರಿ ಬೇಡಿಕೊಂಡ. ಹೋಗದಿದ್ದರೆ ಏನು ಕಾರಣ ಹೇಳಲಿ ಎಂದು ಭಾವ ಕೇಳಿದ. ಪುಸ್ತಕದಲ್ಲಿ ನಿನ್ನ ಕೈಬರಹ ಇದೆ, ಪತ್ರಿಕೆಯಲ್ಲಿ ನಿನ್ನ ಧಣಿಯ ಲೇಖನ ಇದೆ. ಭಾವಮೈದ ಅಡುಗೆಮನೆಗೆ ಬಂದು ಹಾಗಲ್ಲ ಅಂದ ಎಂದರೆ ಯಾರು ಕಿವಿ ಕೊಡುತ್ತಾರೆ? ನಾನೊಬ್ಬ ಹಿಂದೆ ಸರಿದರೆ ನನ್ನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸುತ್ತಾರೆ. ಉಳಿದ ಮೂವರ ಗತಿ ಏನು? ಸಂಘದ ಜವಳಿ ಅಂಗಡಿಯವರ ಡ್ರೈವರು ಕೆಲಸಕ್ಕೆ ಸೇರಿ ಮೂರು ತಿಂಗಳು, ಇಳಿ ಎಂದರೆ ಬಾವಿಗೂ ಇಳಿಯುವ ಸ್ಥಿತಿಯಲ್ಲಿದ್ದಾನೆ. ಭಾವ ಒಂದೊಂದಾಗಿ ಹೇಳುತ್ತ ಹೋದ. ಮೇಸ್ತ್ರಿಗೆ ಉಳಿದ ದಾರಿ ಒಂದೇ: ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ಬಿಚ್ಚಿ ತೋರಿಸಬೇಕು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನೀರಿನ ಟ್ಯಾಂಕಿನ ಬುಡದಲ್ಲಿ ಐದು ಹಳೆಯ ಕಾರುಗಳು ಸಾಲಾಗಿ ನಿಂತಿದ್ದವು. ಬಿಸಿಲು ಹಿತ್ತಾಳೆಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಯಜಮಾನರುಗಳು ಫೋಟೋಕ್ಕೆ ನಿಂತಿದ್ದರು. ಫೋಟೋ ಮುಗಿದ ಮೇಲೆ ನಾಲ್ವರೂ ಒಂದೇ ಹವಾನಿಯಂತ್ರಿತ ವ್ಯಾನಿನಲ್ಲಿ ಕೂತು ಕೆಳಗಿನ ಮೈದಾನಕ್ಕೆ ಹೋಗಿ ಕಾಯುವವರು. ಐವರಲ್ಲಿ ಸ್ಟೀರಿಂಗ್ ಹಿಡಿಯುವವರು ಧಣಿಗಳೊಬ್ಬರೇ. ಅವರ ಧೈರ್ಯವನ್ನು ಮೈಕಿನವನು ಆಗಲೇ ಎರಡು ಸಲ ಹೊಗಳಿದ್ದ.

ಮಗಳು ಡಬ್ಬಿಯನ್ನು ಹಿಂದಕ್ಕೆ ತಂದು ದೊರೆಸಾನಿಯ ಪಕ್ಕದಲ್ಲಿ, ಹಿಂದಿನ ಚಕ್ರಕ್ಕೆ ಹಿಂದಿನ ಚಕ್ರ ಎದುರಾಗುವಂತೆ ನಿಲ್ಲಿಸಿದಳು. ಮೇಸ್ತ್ರಿ ದೊರೆಸಾನಿಗೆ ಜಾಕು ಕೊಟ್ಟ. ಅವಳು ಡಬ್ಬಿಗೆ ಕೊಟ್ಟಳು. ಹೊರಡುವ ಮುಂಚಿನ ಕೊನೆಯ ತಪಾಸಣೆ, ಎಲ್ಲರೂ ನೋಡಿ ಎಂದು ಮೈಕಿನವನು ತಾನಾಗಿಯೇ ಜನರನ್ನು ಕರೆದ. ಜನ ಬಂದರು. ಡ್ರೈವರುಗಳೂ ಬಂದರು. ಎರಡು ಚಕ್ರಗಳು ಕಳಚಿದವು. ಎರಡು ಡ್ರಮ್ಮುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಳೆದರು. ಮಗಳದು ಮೊದಲು ಬಂತು. ಆಮೇಲೆ ಮೇಸ್ತ್ರಿಯದು.

ಒಳಗೆ ಎರಡೂ ಒಂದೇ. ಅದೇ ಹೆಬ್ಬೆರಳ ಗಾತ್ರದ ಸಿಲಿಂಡರು, ಅದೇ ಬಾಗಿದ ಶೂ, ಅದೇ ಸ್ಪ್ರಿಂಗು. ಸಿಲಿಂಡರಿನ ಬೆನ್ನ ಮೇಲೆ ಅಚ್ಚೊತ್ತಿದ ನಂಬರು ಕೂಡ ಒಂದೇ. ಒಂದಕ್ಕೆ ಹೆಚ್ಚು ಧೂಳು, ಒಂದಕ್ಕೆ ಕಡಿಮೆ.

ಮೇಸ್ತ್ರಿ ಮಗಳನ್ನು ದೊರೆಸಾನಿಯ ಸೀಟಿನಲ್ಲಿ ಕೂರಿಸಿ, ಪೆಡಲನ್ನು ಒಂದು ಚೂರು ಮಾತ್ರ ಒತ್ತು, ಪೂರ್ತಿ ಬೇಡ ಎಂದ. ಒತ್ತಿದಳು. ಸಣ್ಣ ಕಾರಿನ ಸಿಲಿಂಡರು ಶೂಗಳನ್ನು ಅಗಲಿಸಿತು. ಕೆಳಗೆ ಹಳೆಯ ಸಲಾಕೆಗಳು ಯಾವುದಕ್ಕೂ ತಾಗದೆ ಮುಂದಕ್ಕೂ ಹಿಂದಕ್ಕೂ ಆಡಿದವು, ಸಭೆಯಲ್ಲಿ ನಿದ್ದೆಗಣ್ಣಿನಲ್ಲೇ ತಲೆಯಾಡಿಸುವ ದೊಡ್ಡ ಮನುಷ್ಯರಂತೆ. ಈ ಕಾರನ್ನು ಹನ್ನೊಂದು ವರ್ಷದಿಂದ ನಿಲ್ಲಿಸುತ್ತಿರುವುದು ಇದು, ಆ ಸಲಾಕೆಯಲ್ಲ ಎಂದು ಮೇಸ್ತ್ರಿ ಡ್ರೈವರುಗಳ ಮುಖ ನೋಡಿ ಹೇಳಿದ. ಪುಸ್ತಕದಲ್ಲಿ ಬರೆದದ್ದು ಸುಳ್ಳು, ಬರೆದವನು ನಾನು. ಅದನ್ನು ನಂಬಿ ಹಾಕಿಸಿದ ಬ್ರೇಕಿನಲ್ಲಿ ಯಾರೂ ಈ ಗುಡ್ಡ ಇಳಿಯಬೇಡಿ.

ಧಣಿಗಳ ಮುಖ ಟೋಪಿಯ ಕೆಳಗೆ ಕಪ್ಪಿಟ್ಟಿತು.

"ಇವನು ನನಗೂ ಮೋಸ ಮಾಡಿದ್ದಾನೆ," ಎಂದರು ಸುತ್ತ ನೋಡುತ್ತ.

"ಮಾಡಿದ್ದೆ ಧಣಿ," ಎಂದ ಮೇಸ್ತ್ರಿ. "ಶುಕ್ರವಾರದವರೆಗೆ."

ಶುಕ್ರವಾರ ಏನಾಯಿತು ಎಂದು ಯಾರೋ ಕೇಳಿದರು. ಮೇಸ್ತ್ರಿ ಅದನ್ನೂ ಹೇಳಿದ. ಅವರ ಕಾರು, ಅವರ ಡ್ರೈವರು ಎಂಬ ಮಾತನ್ನು ಹೇಳಿದ. ಸೋಮವಾರ ಎಂಬ ಮಾತನ್ನೂ ಹೇಳಿದ. ನಾಳೆಯಿಂದ ಶೆಡ್ಡಿನ ಹತ್ತಿರ ಸುಳಿಯಬೇಡ ಎಂದು ಧಣಿಗಳು ಅಂದದ್ದು ಅವನಿಗೆ ಕೇಳಿಸಿತು. ಮೂವತ್ತು ವರ್ಷದ ಮಾತು ಅಷ್ಟು ಬೇಗ ಮುಗಿಯಿತು.

ಔಷಧಿ ಯಜಮಾನರು ಬಾಯಿ ಹಾಕಿದರು. ಆ ಕಾರಿನ ರಗಳೆ ಆ ಕಾರಿನವರಿಗೆ, ನಮ್ಮ ಬ್ರೇಕು ಗಟ್ಟಿಯಾಗಿಯೇ ಇದೆ, ಕೆಳಗೆ ಜನ ಕಾಯುತ್ತಿದ್ದಾರೆ, ಹೊರಡಿ ಎಂದರು. ಭಾವ ಜೇಬಿನಿಂದ ಕೀಲಿ ತೆಗೆದು ಅವರ ಕಾರಿನ ಬಾನೆಟ್ಟಿನ ಮೇಲಿಟ್ಟ.

"ಹಂಗಾದ್ರೆ ತಾವೇ ಓಡಿಸಿ ಯಜಮಾನ್ರೇ. ನಾನು ಪಕ್ಕದಲ್ಲೇ ಕೂತ್ಕೋತೀನಿ. ಇಬ್ಬರೂ ಒಟ್ಟಿಗೆ ಇಳಿಯೋಣ."

ಯಜಮಾನರು ಕೀಲಿಯನ್ನು ನೋಡಿದರು, ಗಡಿಯಾರ ನೋಡಿದರು, ಬೆನ್ನುನೋವಿನ ಬಗ್ಗೆ ಏನೋ ಅಂದರು. ಜನರ ನಡುವೆ ಯಾರೋ ಕಿಸಕ್ಕೆಂದರು. ಇನ್ನಿಬ್ಬರು ಡ್ರೈವರುಗಳು ತಮ್ಮ ಕೀಲಿಗಳನ್ನು ಕೈಯಲ್ಲೇ ಹಿಡಿದು, ಇಡಲೋ ಬೇಡವೋ ಎಂದು ಪರಸ್ಪರ ಮುಖ ನೋಡಿಕೊಂಡರು.

ಅಷ್ಟರಲ್ಲಿ ಜವಳಿಯವರು ತಮ್ಮ ಡ್ರೈವರಿಗೆ ಕಣ್ಣಲ್ಲೇ ಹೇಳಿದರು. ಮೂರು ತಿಂಗಳ ಡ್ರೈವರು ತಲೆ ತಗ್ಗಿಸಿ ಕಾರು ಹತ್ತಿದ. ಎಂಜಿನ್ನು ಗುರುಗುಟ್ಟಿತು. ಕಾರು ಸಾಲಿನಿಂದ ಹೊರಬಂದು ಇಳಿಜಾರಿನ ಕಡೆ ಮೂತಿ ತಿರುಗಿಸಿತು. ಮೇಸ್ತ್ರಿ ಏನು ಮಾಡುತ್ತಿದ್ದೇನೆಂದು ಯೋಚಿಸದೆ ಓಡಿಹೋಗಿ ಅದರ ಮುಂದೆ ನಿಂತ. ಹಿಂದೆ ಮಗಳು ಅಪ್ಪ ಎಂದದ್ದು ಕೇಳಿಸಿತು.

"ದಾರಿ ಬಿಡಿ ಅಣ್ಣ," ಎಂದ ಡ್ರೈವರು, ಕಿಟಕಿಯಿಂದ ತಲೆ ಹೊರಹಾಕಿ. "ಈ ಕೆಲಸನೂ ಹೋದ್ರೆ ನಾನು ಮನೆಗೆ ಹೋಗಂಗಿಲ್ಲ."

ಅವನು ಬ್ರೇಕು ಒತ್ತಿದ್ದ. ಪೂರ್ತಿ ಒತ್ತಿದ್ದ; ಒತ್ತಿದ ಭಾರಕ್ಕೆ ಅವನ ಭುಜ ಸೀಟಿಗೆ ಒರಗಿದ್ದು ಮೇಸ್ತ್ರಿಗೆ ಕಾಣುತ್ತಿತ್ತು. ಕಾರು ನಿಲ್ಲಲಿಲ್ಲ. ನಡೆಯುವವರ ವೇಗಕ್ಕಿಂತ ಮೆಲ್ಲಗೆ, ಅವಸರವೇ ಇಲ್ಲದ ಹಾಗೆ, ತೆವಳುತ್ತ ಬಂತು. ಬಂಪರು ಮೇಸ್ತ್ರಿಯ ಮೊಣಕಾಲಿಗೆ ತಾಗಿತು. ಅವನು ಬಾನೆಟ್ಟಿಗೆ ಎರಡು ಕೈ ಕೊಟ್ಟು ಒಂದು ಹೆಜ್ಜೆ ಹಿಂದೆ ಹೋದ, ಇನ್ನೊಂದು ಹೆಜ್ಜೆ ಹೋದ. ಹಳೆಯ ಮಣಿಕಟ್ಟಿನಲ್ಲಿ ಮಿಂಚು ಹೊಡೆದಂತಾಯಿತು. ಡ್ರೈವರನ ಮುಖದ ಬಣ್ಣ ಇಳಿಯುವುದನ್ನು ಗಾಜಿನ ಮೂಲಕ ನೋಡಿದ. ಒಳಗೆ ಅವನು ಎರಡು ಕೈಯಲ್ಲೂ ಹ್ಯಾಂಡ್‌ಬ್ರೇಕು ಎಳೆಯುತ್ತಿದ್ದ. ಭಾವ ಓಡಿಬಂದು ಹಿಂದಿನ ಚಕ್ರಕ್ಕೆ ದೊಡ್ಡದೊಂದು ಕಲ್ಲು ದೂಡಿದ. ಆಗ ನಿಂತಿತು.

ನಿಜವಾದ ಇಳಿಜಾರು ಇನ್ನೂ ಶುರುವಾಗಿರಲಿಲ್ಲ.

ಡ್ರೈವರು ಎಂಜಿನ್ನು ಆರಿಸಿ ಇಳಿದ. ಇಳಿದವನು ಜವಳಿಯವರ ಕಡೆ ನೋಡಲೇ ಇಲ್ಲ. ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನ ಬಲಗಾಲಿನ ಚಪ್ಪಲಿ ಬಿಚ್ಚಿ ಪಾದವನ್ನು ಹಿಡಿದುಕೊಂಡ. ಮಗಳು ಮೈಕಿನವನ ಕೈಯಿಂದ ಫೋನು ಇಸಿದುಕೊಂಡು, ಕೆಳಗಿನ ಮಕ್ಕಳನ್ನು ಮೈದಾನದ ಒಳಗೆ ಕಳಿಸಿ ಎಂದು ಯಾರಿಗೋ ಗಟ್ಟಿಯಾಗಿ ಹೇಳುತ್ತಿದ್ದಳು. ಧಣಿಗಳು ಮೂರು ಚಕ್ರದ ದೊರೆಸಾನಿಯ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು. ಉಳಿದ ಯಜಮಾನರುಗಳು ಈಗ ಅವರನ್ನೇ ಮುತ್ತಲು ಹೊರಟಿದ್ದರು.

ಮೇಸ್ತ್ರಿಗೆ ನೆಮ್ಮದಿ ಸಿಗುತ್ತದೆಂದು ಅನ್ನಿಸಿತ್ತು. ಸಿಗಲಿಲ್ಲ. ಹನ್ನೊಂದು ವರ್ಷದಲ್ಲಿ ಇನ್ನೆಷ್ಟು ಸಾಲು ಹಾಗೆ ದುಂಡಗೆ ಬರೆದಿದ್ದೇನೆ, ಅದನ್ನು ಇನ್ಯಾರು ನಂಬಿದ್ದಾರೆ ಎಂದು ಲೆಕ್ಕ ಸಿಗದೆ ತಲೆ ಗಿರ್ರೆನ್ನುತ್ತಿತ್ತು. ನಿಂತಲ್ಲಿ ನಿಲ್ಲಲಾಗದೆ, ಸ್ಪಾನರುಗಳ ಚೀಲ ಎಳೆದುಕೊಂಡು ಭಾವ ಓಡಿಸಬೇಕಿದ್ದ ಕಾರಿನ ಅಡಿಗೆ ನುಗ್ಗಿದ. ಬೆನ್ನಿಗೆ ಜಲ್ಲಿ ಚುಚ್ಚುತ್ತಿತ್ತು. ಔಷಧಿ ಯಜಮಾನರು ನನ್ನ ಕಾರು ಮುಟ್ಟಬೇಡ ಎಂದು ಮೇಲಿನಿಂದ ಕೂಗಿದ್ದು ಕೇಳಿಸಿತು; ಅವರ ಬೂಟುಗಳು ಕಾಣುತ್ತಿದ್ದವು.

ಸ್ವಲ್ಪ ಹೊತ್ತಿಗೆ ಬೂಟುಗಳ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಭಾವ ಬಿಳಿ ಸಮವಸ್ತ್ರದಲ್ಲೇ ಮಲಗಿ, ತೆವಳಿಕೊಂಡು ಒಳಗೆ ಬಂದ. ಇಬ್ಬರ ಭುಜಗಳೂ ತಾಗಿದವು. ಮೇಸ್ತ್ರಿ ಭಾವನ ಬಲಗೈ ಹಿಡಿದು, ಎಡ ಚಕ್ರದ ಸಲಾಕೆಯ ಕೀಲಿನ ಮೇಲಿಟ್ಟ. ಕೀಲಿನ ಪಿನ್ನು ಸವೆದು ಹುಲ್ಲುಕಡ್ಡಿಯಷ್ಟು ಉಳಿದಿತ್ತು. ಭಾವ ಅದನ್ನು ಬೆರಳಲ್ಲಿ ಆಡಿಸಿ ನೋಡಿದ. ಒಮ್ಮೆ, ಮತ್ತೊಮ್ಮೆ.

"ನನ್ನ ಕಾಲು ಸರಿಯಾಗೇ ಇತ್ತು," ಎಂದ.

"ಹೂಂ ಭಾವ."

"ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ."

"ಗೊತ್ತು."

"ಆ ಇನ್ನೊಂದು ಚಕ್ರದ್ದೂ ಬಿಚ್ಚು," ಎಂದ ಭಾವ. "ಎಲ್ಲಾ ತೋರಿಸು."